ಹುಲ್ಲು ಬೇರು ಹಿಡಿಯುವವರೆಗೆ

ನಮ್ಮ ಅಪಾರ್ಟ್‌ಮೆಂಟಿನ ಹಿಂದಿದ್ದ ಬಯಲು ಕೆಂಪು ಮಣ್ಣಿನದು ಎಂದೇ ನಾನು ಬಹಳ ವರ್ಷ ನಂಬಿದ್ದೆ. ಮೊನ್ನೆ ಫೋನಿನಲ್ಲಿ ತಮ್ಮನ ಹತ್ತಿರ ಹಾಗೆಂದಾಗ ಅವನು ನಕ್ಕುಬಿಟ್ಟ. ಕೆಂಪಲ್ಲ, ಬೂದು ಬಣ್ಣದ ಗರಸು, ಅಪ್ಪ ಮನೆಗೆ ಬಂದಾಗ ಮೊಣಕಾಲಿನವರೆಗೆ ಬೆಳ್ಳಗಾಗಿರುತ್ತಿದ್ದದ್ದು ಮರೆತೆಯಾ ಎಂದು ಕೇಳಿದ. ತಮ್ಮ ಅಲ್ಲಿಗೆ ಬಂದದ್ದೇ ಒಂದೆರಡು ಸಲ. ನಾನು ಅಲ್ಲೇ ಇದ್ದವಳು. ಆದರೂ ಅವನು ಹೇಳಿದ್ದೇ ಸರಿಯಿರಬೇಕು. ನಾನು ಆ ಬಯಲನ್ನು ನೋಡಿದ್ದು ಕಡಿಮೆ, ಅದರಲ್ಲಿ ನಿಂತಿದ್ದ ಅಪ್ಪನನ್ನು ನೋಡಿದ್ದೇ ಹೆಚ್ಚು. ಆಗಲೂ ದಿನಚರಿ ಬರೆಯುತ್ತಿದ್ದೆ, ಆದರೆ ಅದರಲ್ಲಿ ಇರುವುದೆಲ್ಲ ಆಫೀಸಿನ ರಾಮಾಯಣ. ಹಾಗಾಗಿ ಈಗ ಬರೆಯುತ್ತಿರುವುದರಲ್ಲಿ ಮಣ್ಣಿನ ಬಣ್ಣ ತಪ್ಪಿರಬಹುದು, ಯಾವುದು ಮೊದಲು ಯಾವುದು ಆಮೇಲೆ ಎಂಬುದೂ ತಪ್ಪಿರಬಹುದು. ಅಪ್ಪನ ಕೆಲವು ಮಾತುಗಳು ಮಾತ್ರ ಅವರು ಆಡಿದ ಹಾಗೆಯೇ ಉಳಿದಿವೆ ಎಂದುಕೊಂಡಿದ್ದೇನೆ. ಅದೂ ಖಾತ್ರಿಯಿಲ್ಲ.

ಅಪ್ಪ ರಾಯಚೂರು ಕಡೆಯ ಒಂದು ಸರಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿದ್ದವರು. ನಿವೃತ್ತರಾದ ಮರುವರ್ಷವೇ ಅವ್ವ ತೀರಿಕೊಂಡಳು. ತಮ್ಮನಿಗೆ ಆಗ ಮೇಲಿಂದ ಮೇಲೆ ವರ್ಗ ಆಗುತ್ತಿದ್ದುದರಿಂದ ಅಪ್ಪನನ್ನು ನಾನೇ ಹೈದರಾಬಾದಿನ ಗಚ್ಚಿಬೌಲಿಗೆ ಕರೆತಂದೆ. ನಾನು ಅಲ್ಲಿ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಬಳಸುವವರಿಗೆ ಕೈಪಿಡಿ ಬರೆಯುವ ಕೆಲಸದಲ್ಲಿದ್ದೆ. ಮದುವೆಯಾಗಿರಲಿಲ್ಲ. ಎರಡು ಕೋಣೆಯ ಬಾಡಿಗೆ ಫ್ಲ್ಯಾಟು. ಬೆಳಿಗ್ಗೆ ಕ್ಯಾಬ್ ಹತ್ತಿದರೆ ನಾನು ಮರಳುವುದು ಕತ್ತಲಾದ ಮೇಲೆ.

ಊರಲ್ಲಿ ಅಪ್ಪ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ದಾರಿಯುದ್ದಕ್ಕೂ ಯಾರಾದರೂ ಸೈಕಲ್ಲಿನಿಂದ ಇಳಿದು ‘ನಮಸ್ಕಾರ್ರಿ ಮಾಸ್ತರ್ರ’ ಎನ್ನುತ್ತಿದ್ದರು. ಇಲ್ಲಿ ಲಿಫ್ಟಿನಲ್ಲಿ ಪಕ್ಕದ ಮನೆಯವರೇ ನಿಂತಿದ್ದರೂ ಎಲ್ಲರೂ ನೋಡುತ್ತಿದ್ದುದು ಬಾಗಿಲ ಮೇಲಿನ ಕೆಂಪು ಅಂಕಿಗಳನ್ನು. ಮೊದಲ ಕೆಲವು ತಿಂಗಳು ಅಪ್ಪ ಟಿವಿಯ ಮುಂದೆ ಕೂತರು. ಕ್ರಿಕೆಟ್ ಹಾಕಿಕೊಂಡು ಧ್ವನಿ ಬಂದ್ ಮಾಡಿರುತ್ತಿದ್ದರು. ನಾನು ಬಂದು ಊಟವಾಯಿತೇ ಎಂದು ಕೇಳಿದರೆ ಹೂಂ ಎನ್ನುತ್ತಿದ್ದರು, ಅನ್ನ ಹಾಗೇ ಇರುತ್ತಿತ್ತು. ಆಗ ನನಗಿದ್ದ ಚಿಂತೆ ಒಂದೇ. ಈ ಮನುಷ್ಯನಿಗೆ ಸಂಜೆ ಚಪ್ಪಲಿ ಮೆಟ್ಟಿ ಹೊರಗೆ ಹೋಗಲು ಒಂದು ಕಾರಣ ಬೇಕಿತ್ತು. ಅದು ಸಿಗದಿದ್ದರೆ ಅವರು ಉಳಿಯುವುದಿಲ್ಲ ಎಂದು ನನಗೆ ಭಯವಾಗುತ್ತಿತ್ತು.

ಕಾರಣ ಸಿಕ್ಕಿದ್ದು ಬಾಲ್ಕನಿಯಿಂದ. ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗ ಹಿಂದಿನ ಆ ಬಯಲು, ಯಾರೂ ಏನೂ ಮಾಡಿರಲಿಲ್ಲ. ಜಾಲಿಕಂಟಿ, ಒಡೆದ ಇಟ್ಟಿಗೆ, ಸಿಮೆಂಟಿನ ಖಾಲಿ ಚೀಲ. ಅದರಾಚೆ ಹೊಸ ಟವರುಗಳನ್ನು ಕಟ್ಟುತ್ತಿದ್ದ ಕೂಲಿಯವರ ತಗಡಿನ ಶೆಡ್ಡುಗಳಿದ್ದವು. ಅಲ್ಲಿದ್ದವರಲ್ಲಿ ಬಹಳ ಮಂದಿ ಯಾದಗಿರಿ, ದೇವದುರ್ಗ ಕಡೆಯವರು. ಅವರ ಮಕ್ಕಳು ಸಂಜೆ ಬಯಲಲ್ಲಿ ಸುಮ್ಮನೆ ಓಡುತ್ತಿದ್ದವು. ಅಪ್ಪ ಮೇಲಿನಿಂದ ಅದನ್ನು ನೋಡಿ ಸಹಿಸಲಾರದೆ ಕೆಳಗಿಳಿದರಂತೆ. ಆಟದ ಮಾಸ್ತರರಿಗೆ ಗೊತ್ತುಗುರಿಯಿಲ್ಲದ ಓಟ ನೋಡಲಾಗುವುದಿಲ್ಲ.

ಕಂಟಿ ಕಡಿಸಿದರು, ಕಲ್ಲು ಆರಿಸಿದರು, ಮೇಸ್ತ್ರಿಯನ್ನು ಕೇಳಿ ಎರಡು ಸರ್ವೆ ಕಂಬ ತಂದು ನೆಟ್ಟರು, ಸುಣ್ಣದಲ್ಲಿ ಗೆರೆ ಎಳೆದರು. ಖೋ ಖೋ ಶುರುವಾಯಿತು. ಚೆಂಡು ಬೇಡ, ಬ್ಯಾಟು ಬೇಡ. ಎರಡು ಕಂಬಗಳ ನಡುವೆ ಒಬ್ಬರ ಮುಖ ಆ ಕಡೆ, ಮುಂದಿನವರ ಮುಖ ಈ ಕಡೆ ಮಾಡಿ ಕುಕ್ಕರಗಾಲಲ್ಲಿ ಕೂತರಾಯಿತು. ಅಟ್ಟಿಸಿಕೊಂಡು ಬಂದವನು ಬೆನ್ನು ಮುಟ್ಟಿ ಖೋ ಅಂದರೆ ಕೂತವನು ಎದ್ದು ಓಡಬೇಕು. ಕೆಲವು ವಾರಗಳಲ್ಲಿ ಅಪಾರ್ಟ್‌ಮೆಂಟಿನ ಮಕ್ಕಳೂ ಇಳಿದು ಬಂದವು. ಅವಕ್ಕೆ ತೆಲುಗು, ಹಿಂದಿ, ಇಂಗ್ಲಿಷು. ಶೆಡ್ಡಿನ ಮಕ್ಕಳಿಗೆ ನಮ್ಮ ಕಡೆಯ ಕನ್ನಡ. ಅಪ್ಪ ಎಲ್ಲವನ್ನೂ ಕಲಸಿ ಬೈಯುತ್ತಿದ್ದರು. ಬಿದ್ದು ಅಳುತ್ತಿದ್ದ ಒಬ್ಬ ದಪ್ಪ ಹುಡುಗನಿಗೆ, “ಏಳಪಾ ಲಿಫ್ಟಿನ ಸಾಹೇಬಾ, ನೆಲಾ ಏನ್ ನಿನ್ನ ಕಚ್ಚಂಗಿಲ್ಲ,” ಎಂದದ್ದನ್ನು ನಾನೇ ಕೇಳಿದ್ದೇನೆ. ಏನೂ ಅರ್ಥವಾಗದೆ ಅವನು ಅಳು ನಿಲ್ಲಿಸಿದ.

ಶೆಡ್ಡಿನಿಂದ ಬರುತ್ತಿದ್ದ ಒಬ್ಬ ಹುಡುಗಿಯಿದ್ದಳು, ಹನ್ನೆರಡೋ ಹದಿಮೂರೋ ವರ್ಷದವಳು. ಸೊಂಟದ ಮೇಲೆ ಯಾವಾಗಲೂ ತಮ್ಮ. ಬಂದವಳೇ ಆ ಕೂಸನ್ನು ಅಪ್ಪನ ಟವೆಲ್ಲಿನ ಮೇಲೆ ಕೂರಿಸಿ ಓಡಲು ಹೋಗುತ್ತಿದ್ದಳು. ರಾತ್ರಿ ರೊಟ್ಟಿ ಮುರಿಯುತ್ತ ಅಪ್ಪ ಅವಳ ಬಗ್ಗೆಯೇ ಹೇಳುತ್ತಿದ್ದರು. “ಆಕಿ ಎತ್ತಾಗ ಹೊಳ್ಳತಾಳ ಅಂತ ಆಕಿ ಕಾಲಿಗೇ ಗೊತ್ತಿರಂಗಿಲ್ಲ. ಹಿಡಿಯಾವ್ರಿಗೆ ಹೆಂಗ ಗೊತ್ತಾಗಬೇಕು?” ಅವಳೂ ಬಾಯಿಯಲ್ಲಿ ಕಡಿಮೆಯಿರಲಿಲ್ಲ. ಮಾಸ್ತರರ ಸೀಟಿಯಷ್ಟೇ ಓಡುತ್ತದೆ, ಮಾಸ್ತರರು ಓಡುವುದಿಲ್ಲ ಎಂದು ಉಳಿದವರನ್ನು ನಗಿಸುತ್ತಿದ್ದಳಂತೆ. ಅದನ್ನು ಹೇಳಿ ಅಪ್ಪನೂ ನಗುತ್ತಿದ್ದರು. ಮನೆಯಲ್ಲಿ ಮಾತು ಮತ್ತೆ ಶುರುವಾಗಿತ್ತು. ನಾನು ಆಫೀಸಿನಿಂದ ಬೇಗ ಹೊರಡಲು ನೆವ ಹುಡುಕತೊಡಗಿದ್ದೆ.

ಆಮೇಲೆ ಒಂದು ದಿನ ಬಯಲಿನ ಮೂಲೆಯಲ್ಲಿ ಯಾರೋ ಕಲ್ಲು ತಂದು ಸುರಿದರು. ಮರುದಿನ ಇನ್ನೊಂದು ಲಾರಿ. ಆ ವರ್ಷಗಳಲ್ಲಿ ಖಾಲಿ ಜಾಗದ ಮೇಲೆ ಕಲ್ಲು ಬಿದ್ದಿತೆಂದರೆ ಯಾರೋ ಅದನ್ನು ಕಬಳಿಸಲು ಹೊರಟಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಅಸೋಸಿಯೇಷನ್ನಿನ ಕಾರ್ಯದರ್ಶಿ ನಮ್ಮ ಮನೆಗೆ ಬಂದರು. ಬ್ಯಾಂಕಿನಿಂದ ನಿವೃತ್ತರಾದ ತೆಲುಗಿನವರು, ಮೆತ್ತಗೆ ಮಾತಾಡುವ ಒಳ್ಳೆಯ ಮನುಷ್ಯ. ಮುನ್ಸಿಪಲ್ ಆಫೀಸಿಗೆ ಹೋಗಿ ಜಾಗವನ್ನು ಪಾರ್ಕ್ ಮಾಡಿಸದಿದ್ದರೆ ಉಳಿಯುವುದಿಲ್ಲ, ಮಾಸ್ಟರ್ ಗಾರು ಮುಂದೆ ನಿಂತರೆ ತೂಕ ಬರುತ್ತದೆ ಎಂದರು. ಅಪ್ಪ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು ಹೋದರು. ಒಂದು ಸಲವಲ್ಲ, ಬಹಳ ಸಲ. ನಮ್ಮ ಕಡೆಯ ಹಳೆಯ ಉರ್ದು ಮಿಶ್ರಿತ ಹಿಂದಿಯಲ್ಲಿ ಅಧಿಕಾರಿಗಳ ಜೊತೆ ಅವರು ಮಾತಾಡುತ್ತಿದ್ದ ರೀತಿಯನ್ನು ಕಾರ್ಯದರ್ಶಿ ಬಂದು ನನ್ನೆದುರು ಹೊಗಳುತ್ತಿದ್ದರು. ಅಪ್ಪನ ಕಿವಿ ಕೆಂಪಾಗುತ್ತಿತ್ತು.

ಕೊನೆಗೆ ಪಾರ್ಕ್ ಮಂಜೂರಾಯಿತು. ಎಂಜಿನಿಯರ್ ಕೊಟ್ಟ ನಕ್ಷೆಯ ಪ್ರತಿಯನ್ನು ಅಪ್ಪ ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿದರು. ಅಂಚಿನಲ್ಲಿ ವಾಕಿಂಗ್ ಟ್ರ್ಯಾಕ್, ಅಲ್ಲಲ್ಲಿ ಬೆಂಚು, ಒಂದು ಮೂಲೆಯಲ್ಲಿ ಕಾರಂಜಿ, ಇನ್ನೊಂದರಲ್ಲಿ ಜಾರುಬಂಡೆ. ಎಲ್ಲಕ್ಕೂ ಇಂಗ್ಲಿಷಿನಲ್ಲಿ ಹೆಸರು ಬರೆದಿತ್ತು. ನಡುವೆ ಒಂದು ದೊಡ್ಡ ಆಯತ, ಬಿಳಿ, ಅದರೊಳಗೆ ಏನೂ ಬರೆದಿರಲಿಲ್ಲ. ಅಪ್ಪ ಅದರ ಮೇಲೆ ಗೇಣು ಹಾಕಿ ಅಳೆದರು.

“ನೋಡವ್ವಾ, ನಡಬರಕ ಎಷ್ಟ ಜಾಗಾ ಬಿಟ್ಟಾರ. ಅಳತಿ ಬರೋಬ್ಬರಿ ಐತಿ. ಎರಡೂ ಕಡಿ ಕಂಬಾ ನೆಟ್ಟ್ರ ಮುಗೀತು.”

ಈ ತಪ್ಪು ಅವರಂಥವರಿಗೆ ಮಾತ್ರ ಸಾಧ್ಯ. ಜೀವಮಾನವಿಡೀ ಅವರು ನೋಡಿದ್ದು ಶಾಲೆಗಳ ನಕ್ಷೆ. ಅದರಲ್ಲಿ ಕೋಣೆಗಳಿಗೆ ಹೆಸರಿರುತ್ತದೆ, ಬಾವಿಗೆ ಹೆಸರಿರುತ್ತದೆ, ಹೆಸರು ಬರೆಯದೆ ಬಿಟ್ಟದ್ದು ಮಕ್ಕಳ ಮೈದಾನ. ಕಟ್ಟಿ ಉಳಿದದ್ದೆಲ್ಲ ಆಡಲಿಕ್ಕೆ. ನಾನೂ ಆ ಬಿಳಿಯನ್ನು ಅವರ ಕಣ್ಣಿನಿಂದಲೇ ನೋಡಿದೆ. ಬರೋಬ್ಬರಿ ಇದೆ ಅಂದೆ.

ಜೆಸಿಬಿ ಬಂದು ನೆಲ ಮಟ್ಟ ಮಾಡಿತು. ಕಂಬಗಳನ್ನು ಕಿತ್ತು ಅಪ್ಪ ಕೆಳಗಿನ ಪಾರ್ಕಿಂಗಿನಲ್ಲಿ ಜೋಪಾನವಾಗಿ ಇರಿಸಿದರು. ಮಕ್ಕಳಿಗೆ ಸ್ವಲ್ಪ ದಿನ ತಡೆಯಲು ಹೇಳಿದರು. ಬೇಲಿ ಬಂತು, ಗೇಟು ಬಂತು, ಟೈಲ್ಸ್ ಬಂತು. ಆಮೇಲೆ ಚಾಪೆಯಂತೆ ಸುತ್ತಿದ ಹುಲ್ಲಿನ ಸುರುಳಿಗಳು ಲಾರಿಯಲ್ಲಿ ಬಂದವು. ಅಂಚಿಗಿರಬೇಕು ಎಂದು ಅಪ್ಪ ನೋಡುತ್ತ ನಿಂತರಂತೆ. ಕೆಲಸದವರು ಅದನ್ನು ನಡುವಿನ ಆಯತದಲ್ಲಿ ಬಿಚ್ಚತೊಡಗಿದಾಗ ಓಡಿಹೋಗಿ ಕೇಳಿದರು. ಇದೆಲ್ಲ ಲಾನ್ ಸಾರ್, ನಕ್ಷೆಯಲ್ಲಿರುವುದೇ ಹಾಗೆ ಎಂದನಂತೆ ಸೂಪರ್‌ವೈಸರ್.

ಅಂದು ಸಂಜೆಯೇ ಅವರು ಕಾರ್ಯದರ್ಶಿಯ ಮನೆಗೆ ಹೋದರು. ಕಾರ್ಯದರ್ಶಿ ಕಾಫಿ ಕೊಟ್ಟು ಸಮಾಧಾನ ಹೇಳಿದರು. ಹುಲ್ಲು ಬೇರು ಹಿಡಿಯುವವರೆಗೆ ಮಾತ್ರ ಸಾರ್, ಆಮೇಲೆ ಮಕ್ಕಳು ಬೇಡವೆಂದರೆ ಹೇಗೆ, ನೋಡೋಣ. ಅವರು ಮೋಸ ಮಾಡಬೇಕೆಂದು ಹೇಳಿದರು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಆ ಹೊತ್ತಿಗೆ ಅದನ್ನು ಅವರೂ ನಂಬಿದ್ದರು. ಅಪ್ಪ ಮನೆಗೆ ಬರುವಾಗ ಹಗುರಾಗಿದ್ದರು. ಹುಲ್ಲಿನ ಮೇಲೆ ಆಡಿದರೆ ಮಕ್ಕಳ ಮೊಣಕಾಲು ತರಚುವುದಿಲ್ಲ, ಇದು ಒಳ್ಳೆಯದೇ ಆಯಿತು ಎಂದರು. ತಮ್ಮ ಜೀವನದಲ್ಲಿ ಹುಲ್ಲಿನ ಮೈದಾನದಲ್ಲಿ ಒಮ್ಮೆಯೂ ಆಡಿಸಿಲ್ಲ ಎಂದೂ ಹೇಳಿದ ನೆನಪು.

ಉದ್ಘಾಟನೆಯ ದಿನ ಅವರಿಗೆ ಶಾಲು ಹೊದಿಸಿ, ಪಾರ್ಕ್ ಸಮಿತಿಯ ಅಧ್ಯಕ್ಷರೆಂದು ಘೋಷಿಸಿದರು. ಅವರು ಎಷ್ಟು ಸಂತೋಷಪಟ್ಟರೆಂದರೆ, ಮುಂದಿನದೆಲ್ಲ ಗೊತ್ತಿದ್ದೂ ಆ ಸಂತೋಷವನ್ನು ಸುಳ್ಳೆನ್ನಲು ನನಗೆ ಮನಸ್ಸಾಗುವುದಿಲ್ಲ. ತಮ್ಮನಿಗೆ ಫೋನು ಮಾಡಿ ಹೈದರಾಬಾದಿನವರೂ ನಮ್ಮನ್ನು ಗುರುತಿಸಿದರು ಎಂದರು. ಶೆಡ್ಡಿನ ಮಕ್ಕಳು ಬೇಲಿಯಾಚೆ ನಿಂತು ಚಪ್ಪಾಳೆ ಹೊಡೆದರು. ಕಾರ್ಯಕ್ರಮ ಮುಗಿದ ಮೇಲೆ ಅಪ್ಪ ಶಾಲು ಹೊದ್ದುಕೊಂಡೇ ಅವರ ಹತ್ತಿರ ಹೋಗಿ ಹೇಳಿದರು. ಅದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ.

“ಹುಲ್ಲ ಬೇರ ಹಿಡೀಲಿ. ಅಲ್ಲೀತನಾ ಯಾರೂ ಕಾಲಿಡಬ್ಯಾಡ್ರಿ. ನಾ ಹೇಳತೀನಿ, ಆಗ ಬರ್ರಿ.”

ಅವರು ಕಾಲಿಡಲಿಲ್ಲ. ಅಕ್ಕಪಕ್ಕದ ಬಡಾವಣೆಗಳ ಪಾರ್ಕುಗಳಲ್ಲಿ ಹುಡುಗರು ಬೇಲಿ ಹಾರಿ ಹುಲ್ಲು ಕಿತ್ತುಹಾಕುತ್ತಿದ್ದರು, ವಾಚ್‌ಮನ್ ಕೋಲು ಹಿಡಿದು ಓಡಬೇಕಾಗುತ್ತಿತ್ತು. ನಮ್ಮಲ್ಲಿ ಗೇಟು ತೆರೆದೇ ಇರುತ್ತಿತ್ತು. ಶೆಡ್ಡಿನ ಮಕ್ಕಳು ಹೊರಗೆ, ನಿಂತ ಕ್ಯಾಬುಗಳ ಸಂದಿಯಲ್ಲಿ ಓಡಾಡಿಕೊಂಡು, ಅಪ್ಪ ಕಂಡಾಗಲೆಲ್ಲ ಹಿಡಿಯಿತೇ ಎಂದು ಕೇಳುತ್ತಿದ್ದವು. ಇನ್ನೊಂದು ಸ್ವಲ್ಪ ದಿನ ಎನ್ನುತ್ತಿದ್ದರು ಅಪ್ಪ. ದಿನಾ ಸಂಜೆ ಹುಲ್ಲಿನ ಅಂಚಿಗೆ ಕೂತು ಬೆರಳಿಂದ ಎತ್ತಿ ನೋಡುತ್ತಿದ್ದರು.

ಮಳೆಗಾಲ ಮುಗಿಯುವಷ್ಟರಲ್ಲಿ ಹುಲ್ಲು ಎತ್ತಿದರೆ ಬರದಷ್ಟು ಗಟ್ಟಿಯಾಗಿತ್ತು. ಕಾರ್ಯದರ್ಶಿ ಹಬ್ಬ ಮುಗಿಯಲಿ ಎಂದರು. ಹಬ್ಬ ಮುಗಿದ ಮೇಲೆ ಸಭೆಯಲ್ಲಿ ಮಾತಾಡೋಣ ಎಂದರು. ಅಷ್ಟರಲ್ಲಿ ಪಾರ್ಕಿಗೆ ಅದರದೇ ಜನ ಆಗಿದ್ದರು: ಬೆಳಿಗ್ಗೆ ನಡೆಯುವವರು, ಯೋಗದ ಗುಂಪು, ಸಂಜೆ ಮೊಮ್ಮಕ್ಕಳನ್ನು ತಳ್ಳುಗಾಡಿಯಲ್ಲಿ ತರುವವರು. ಅಪಾರ್ಟ್‌ಮೆಂಟಿನ ಮಕ್ಕಳಿಗೆ ಟೈಲ್ಸಿನ ಮೇಲೆ ಸ್ಕೇಟಿಂಗ್ ಕಲಿಸಲು ಕೋಚ್ ಬರುತ್ತಿದ್ದ. ಬೇಸಿಗೆ ಶಿಬಿರದ ಯೋಜನೆ ಆಗಲೇ ತಯಾರಾಗುತ್ತಿತ್ತು. ಸ್ಕೇಟಿಂಗ್, ಡ್ಯಾನ್ಸ್, ಕೀಬೋರ್ಡ್, ಚಿತ್ರಕಲೆ. ಅಪ್ಪ ಖೋ ಖೋ ಸೇರಿಸಿ ಎಂದು ಕೇಳಿದರಂತೆ. ಒಬ್ಬ ತಾಯಿ ಅದಕ್ಕೆ ಸರ್ಟಿಫಿಕೇಟ್ ಸಿಗುತ್ತದೆಯೇ ಎಂದು ಮರುಪ್ರಶ್ನೆ ಹಾಕಿದರಂತೆ.

ಸಭೆ ನಡೆದದ್ದು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಒಂದು ಭಾನುವಾರ. ನಾನೂ ಹೋಗಿದ್ದೆ. ಅಪ್ಪ ಎದ್ದು ನಿಂತು, ಹುಲ್ಲು ಬೇರು ಹಿಡಿದಿದೆ, ಸಂಜೆ ಒಂದು ಗಂಟೆ ಮಕ್ಕಳಿಗೆ ಬಿಟ್ಟುಕೊಡಿ, ಎಲ್ಲ ಮಕ್ಕಳಿಗೆ ಎಂದು ಹಿಂದಿಯಲ್ಲಿ ಹೇಳಿದರು. ‘ಎಲ್ಲ’ ಎಂಬ ಮಾತನ್ನು ಒತ್ತಿ ಹೇಳಿದರು. ಯಾರೂ ಜಗಳವಾಡಲಿಲ್ಲ. ಲಾನಿನ ಖರ್ಚಿನ ಬಗ್ಗೆ ಒಬ್ಬರು ಮಾತಾಡಿದರು, ಶೆಡ್ಡಿನವರು ಒಳಗೆ ಬರತೊಡಗಿದರೆ ಹೆಂಗಸರ ಸುರಕ್ಷತೆ ಎಂದು ಇನ್ನೊಬ್ಬರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಯುವಕ, ನನ್ನಂತೆಯೇ ಯಾವುದೋ ಕಂಪನಿಯಲ್ಲಿರುವವನು, ಎದ್ದು ಹೇಳಿದ. ಅವನು ನಿಜವಾದ ಗೌರವದಿಂದಲೇ ಹೇಳಿದ. ಸುತ್ತಮುತ್ತಲಿನ ಎಲ್ಲ ಪಾರ್ಕು ಹಾಳಾಗಿವೆ, ನಮ್ಮದೊಂದೇ ಹೀಗಿರುವುದು ಮಾಸ್ಟರ್ ಗಾರು ಇರುವುದರಿಂದ, ಆ ಮಕ್ಕಳನ್ನು ಒಂದು ಮಾತಿನಲ್ಲಿ ಹೊರಗೆ ನಿಲ್ಲಿಸಿದ್ದಾರೆ, ಅವರಿಗೆ ನಾವೆಲ್ಲ ಕೃತಜ್ಞರಾಗಿರಬೇಕು ಎಂದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಂಕ್ರೀಟಿನ ಮಾಡಿನ ಕೆಳಗೆ ಅದು ಬಹಳ ಜೋರಾಗಿ ಕೇಳಿಸಿತು. ಅಪ್ಪ ನಿಂತೇ ಇದ್ದರು. ಏನು ಮಾಡಬೇಕೆಂದು ತೋಚದೆ ಕೈ ಮುಗಿದರು. ಆಮೇಲೆ ಕುಳಿತರು.

ಅದಾದ ಎಷ್ಟೋ ದಿನಕ್ಕೆ, ಒಂದು ವಾರಕ್ಕೋ ಒಂದು ತಿಂಗಳಿಗೋ, ಆ ಹುಡುಗಿ ಗೇಟಿನ ಹತ್ತಿರ ಬಂದಳು. ನಾನು ಅಪ್ಪನ ಜೊತೆ ಬೆಂಚಿನ ಮೇಲೆ ಕೂತಿದ್ದೆ. ಸೊಂಟದ ಮೇಲಿದ್ದ ಕೂಸು ಈಗ ಅವಳ ಕೈ ಹಿಡಿದು ನಿಂತಿತ್ತು. ಒಳಗೆ ಬರದೆ ಅಲ್ಲಿಂದಲೇ ಕೂಗಿ ಹೇಳಿದಳು.

“ಮಾಸ್ತರ್ರೀ, ನಾಳಿಗೆ ಶಂಶಾಬಾದಿಗೆ ಹೊಂಟೀವ್ರಿ. ಇಲ್ಲಿ ಬಿಲ್ಡಿಂಗ ಮುಗೀತು.”

ಅಪ್ಪ ಎದ್ದು ಹೋದರು. ಅವಳು ಬೇಲಿಯ ಸಂದಿಯಿಂದ ಒಳಗೆ ನೋಡುತ್ತ, “ಹುಲ್ಲ ಬೇರ ಹಿಡೀತೇನ್ರಿ?” ಎಂದಳು.

ಅವಳು ಚುಚ್ಚಿ ಕೇಳಿದಳೋ, ನಿಜವಾಗಿ ಕೇಳಿದಳೋ ಎಂಬುದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ. ಒಂದೊಂದು ಸಲ ಅವಳ ಮುಖದಲ್ಲಿ ನಗು ಕಾಣುತ್ತದೆ, ಒಂದೊಂದು ಸಲ ಇಲ್ಲ. ಮುಖವನ್ನು ನಾನೇ ಬದಲಿಸಿಕೊಳ್ಳುತ್ತಿರಬೇಕು. ಅಪ್ಪ ಹೇಳಿದ್ದು ಮಾತ್ರ ಇಷ್ಟೇ.

“ಹಿಡೀತವ್ವಾ. ಬಾ, ಒಳಗ ಬಾ.”

ಗೇಟನ್ನು ಪೂರ್ತಿ ತೆರೆದು ಪಕ್ಕಕ್ಕೆ ನಿಂತರು. ಹುಲ್ಲಿನ ಕಡೆ ಕೈ ತೋರಿಸಿದರು. ಅವಳು ಒಳಗೆ ಬಂದಳು. ಆದರೆ ಹುಲ್ಲಿನ ಮೇಲೆ ಕಾಲಿಡಲಿಲ್ಲ. ತಮ್ಮನ ಕೈ ಹಿಡಿದುಕೊಂಡು ಟೈಲ್ಸಿನ ಮೇಲೆ, ಸಂಜೆ ನಡೆಯಲು ಬಂದವರ ಹಿಂದೆ, ಅವರಷ್ಟೇ ನಿಧಾನವಾಗಿ ಪಾರ್ಕಿಗೆ ಒಂದು ಸುತ್ತು ಹಾಕಿದಳು. ಕೂಸು ಹುಲ್ಲಿನ ಕಡೆ ಎಳೆದರೆ ಈ ಕಡೆ ಎಳೆದುಕೊಂಡಳು. ಓಡುವುದು ಬಿಟ್ಟು ಅವಳು ಬೇರೇನಾದರೂ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸುತ್ತು ಮುಗಿಸಿ ಗೇಟಿನಲ್ಲಿ ಹೋಗ್ತೀನ್ರಿ ಎಂದು ಹೇಳಿ ಹೊರಟುಹೋದಳು. ಅಪ್ಪ ಗೇಟು ಹಿಡಿದುಕೊಂಡು ಅಲ್ಲೇ ನಿಂತಿದ್ದರು. ನಡೆಯುವವರು ಒಬ್ಬೊಬ್ಬರಾಗಿ ಅವರಿಗೆ ಗುಡ್ ಈವ್ನಿಂಗ್ ಹೇಳಿ ದಾಟಿದರು.

ಮರುದಿನದಿಂದ ಅವರು ಕೆಳಗೆ ಇಳಿಯಲಿಲ್ಲ. ಮೈಗೆ ಹುಷಾರಿಲ್ಲ ಎಂದು ಕಾರ್ಯದರ್ಶಿಗೆ ಹೇಳಿಕಳಿಸಿದರು. ಅಧ್ಯಕ್ಷರಾಗಿ ಅವರ ಹೆಸರು ಬೋರ್ಡಿನ ಮೇಲೆ ಬಹಳ ಕಾಲ ಇತ್ತು.

ಚಳಿಗಾಲದಲ್ಲಿ ಒಂದು ಭಾನುವಾರ, ಶಂಶಾಬಾದಿಗೆ ಹೋಗಿಬರೋಣವೇ ಎಂದು ಅವರೇ ಕೇಳಿದರು. ಅವರಾಗಿ ಏನನ್ನಾದರೂ ಕೇಳದೆ ಎಷ್ಟೋ ದಿನವಾಗಿತ್ತು. ನಾನು ತಕ್ಷಣ ಹೊರಟೆ. ಬಸ್ಸು ಬದಲಿಸಿಕೊಂಡು ಹೋದೆವು. ವಿಮಾನ ನಿಲ್ದಾಣದ ಕೆಲಸದಿಂದಾಗಿ ಅಲ್ಲಿ ಶೆಡ್ಡುಗಳ ಊರೇ ಎದ್ದಿತ್ತು. ಒಂದೊಂದು ಸಾಲಿನಲ್ಲಿ ನಿಂತು, ಯಾದಗಿರಿ ಕಡೆಯವರು ಇದ್ದೀರೇನ್ರಿ, ಗಚ್ಚಿಬೌಲಿಯಿಂದ ಬಂದವರು ಯಾರ್‍ರಿ ಎಂದು ಕೇಳುತ್ತ ಹೋದೆವು. ಇದ್ದರು, ಬೇಕಾದಷ್ಟು ಜನ. ಆ ಮನೆಯವರಿರಲಿಲ್ಲ. ನಾಚಾರಂ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗಿರಬೇಕು ಎಂದಳು ಒಬ್ಬಾಕೆ. ಊರಿಗೇ ಹೋದರು ಎಂದ ಇನ್ನೊಬ್ಬ. ಆ ವಯಸ್ಸಿನ ಹುಡುಗಿಯಾದರೆ ಮದುವೆ ಮಾಡಿರುತ್ತಾರೆ ಬಿಡ್ರಿ ಎಂದು ಒಬ್ಬ ಮುದುಕಿ ಹೇಳಿದಾಗ ಅಪ್ಪ ಮುಂದೆ ಕೇಳುವುದನ್ನು ನಿಲ್ಲಿಸಿದರು.

ವಾಪಸು ಬಸ್‌ಸ್ಟಾಪಿಗೆ ನಡೆದು ಬರುವ ದಾರಿಯಲ್ಲಿ ಹೆದ್ದಾರಿಯ ಪಕ್ಕ ಒಂದು ಖಾಲಿ ಹೊಲ ಸಿಕ್ಕಿತು. ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಅಪ್ಪ ನನ್ನನ್ನು ಬಿಟ್ಟು ನೇರವಾಗಿ ಅದರ ನಡುವೆ ನಡೆದುಹೋದರು. ನೆಲವನ್ನು ಚಪ್ಪಲಿಯಿಂದ ಒತ್ತಿ ನೋಡಿದರು, ಈ ತುದಿಯಿಂದ ಆ ತುದಿಗೆ ಕಣ್ಣಳತೆ ಹಾಕಿದರು. ಬೌಲ್ ಮಾಡಲು ನಿಂತಿದ್ದ ಹುಡುಗ ಸ್ವಲ್ಪ ಹೊತ್ತು ಕಾದ. ಆಮೇಲೆ ತೆಲುಗಿನಲ್ಲಿ, “ತಾತಾ, ಕೊಂಚೆಂ ಪಕ್ಕಕು ಜರುಗು,” ಎಂದ. ಸ್ವಲ್ಪ ಪಕ್ಕಕ್ಕೆ ಸರಿ ಅಜ್ಜಾ ಎಂದು. ಒರಟಾಗಿ ಹೇಳಲಿಲ್ಲ. ಅಪ್ಪ ತಕ್ಷಣ ಸರಿದರು. ಸರಿದವರು ಹೊಲದ ಅಂಚಿನವರೆಗೂ ಬಂದುಬಿಟ್ಟರು.

ಬಸ್ಸಿನಲ್ಲಿ ಜಾಗ ಸಿಕ್ಕಿತು. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅವರು ಮಾತಾಡಿದರು.

“ವಾಚ್‌ಮನ್ ಹೇಳಿದ್ರ ಕೇಳತಿದ್ದಿಲ್ಲ ಅವು. ಜಿಗದು ಒಳಗ ಬರತಿದ್ವು. ನಾ ಹೇಳೀನಿ ಅಂತ ಕೇಳಿದ್ವು.”

ನಾನು ಅವರಿಗೆ, ಅಪ್ಪಾ, ನೀವು ಅವರ ಒಳ್ಳೆಯದಕ್ಕೇ ಹೇಳಿದ್ರಿ, ಮುಂದ ಹಿಂಗಾಗತೈತಿ ಅಂತ ನಿಮಗೇನು ಗೊತ್ತಿತ್ತು ಎಂದೆ. ಅವರು ತಿರುಗಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ.

“ಒಳ್ಳೇದಕ್ಕ ಹೇಳೀನವ್ವಾ. ಇಪ್ಪತ್ತೆಂಟ ವರ್ಷ ಮಕ್ಳಿಗೆ ಓಡ್ರಿ ಅಂದಾವ ನಾನು. ಇಲ್ಲಿಗೆ ಬಂದ ಮ್ಯಾಲ ‘ನಿಲ್ರಿ’ ಅಂದೆ.”

ಅವರು ಆಮೇಲೂ ನನ್ನ ಜೊತೆ ಎರಡು ವರ್ಷದ ಮೇಲೆ ಇದ್ದರು. ಡಾಕ್ಟರು ದಿನಾ ನಡೆಯಬೇಕೆಂದು ಹೇಳಿದ್ದರಿಂದ ಸಂಜೆ ಮನೆಯ ಹೊರಗಿನ ಕಾರಿಡಾರಿನಲ್ಲಿ, ಲಿಫ್ಟಿನಿಂದ ಮೆಟ್ಟಿಲವರೆಗೆ, ಗೋಡೆಗೆ ಹತ್ತಿಕೊಂಡು ನಡೆಯುತ್ತಿದ್ದರು. ಯಾರಾದರೂ ಎದುರು ಬಂದರೆ, ದೂರದಿಂದಲೇ ನೋಡಿ ದಾರಿ ಬಿಟ್ಟು ನಿಲ್ಲುತ್ತಿದ್ದರು.